ಹಲಗೆಯ ಗೋಡೆ

ಮೊಳೆ ಹೊಡೆಯುವ ಸದ್ದಿಗೂ ಮೊಳೆ ಕೀಳುವ ಸದ್ದಿಗೂ ಇರುವ ವ್ಯತ್ಯಾಸ ಸಂಕಪ್ಪನಿಗೆ ಅರೆನಿದ್ದೆಯಲ್ಲೂ ಗೊತ್ತಾಯಿತು. ಇಪ್ಪತ್ತಾರು ವರ್ಷ ಕಾರ್ಖಾನೆಯ ಸ್ಟೋರಿನಲ್ಲಿ ಕೂತು, ಪರದೇಶದಿಂದ ಯಂತ್ರ ತುಂಬಿಕೊಂಡು ಬಂದ ಕಟ್ಟಿಗೆಯ ಖೋಕಾಗಳನ್ನು ಒಡೆಸಿದವನು ಅವನು. ಮೊಳೆ ಎದ್ದು ಬರುವಾಗ ಕಟ್ಟಿಗೆ ಕಿರುಗುಟ್ಟುತ್ತದೆ, ನೋವನ್ನು ಗಂಟಲಲ್ಲೇ ತಡೆದು ನರಳಿದವರ ಹಾಗೆ. ಆ ಸದ್ದು ಈಗ ಮಾಳಿಗೆಯಿಂದ ಬರುತ್ತಿತ್ತು. ಒಂದು ಮೊಳೆ, ಸ್ವಲ್ಪ ಬಿಡುವು, ಮತ್ತೊಂದು. ಗೋಡೆ ಬಿಚ್ಚುತ್ತಿದ್ದಾನೆ, ಎಂದುಕೊಂಡ ಸಂಕಪ್ಪ. ಪುಣೆಯ ಯೆರವಡಾ ಜೈಲಿನಿಂದ ತಮ್ಮ ಕಾಡಪ್ಪ ಹೊರಬಂದು ಇವತ್ತಿಗೆ ಇಪ್ಪತ್ತು ದಿನ. ಈ ಇಪ್ಪತ್ತು ದಿನವೂ ಅವನು ಹಾಕಿದ್ದನ್ನು ಉಂಡಿದ್ದ, ಕೇಳಿದ್ದಕ್ಕೆ ಹೌದು ಅಲ್ಲ ಎಂದಿದ್ದ, ಮಾಳಿಗೆಯ ಮೇಲಿನ ಕೋಣೆಯಲ್ಲಿ ಮಲಗಿ ಎದ್ದಿದ್ದ. ಹೇಳಬೇಕಾದ್ದನ್ನು ಈಗ ಹೇಳುತ್ತಿದ್ದಾನೆ, ಬಾಯಿಂದಲ್ಲ, ಇಕ್ಕಳದಿಂದ. ಹಾಗೆ ಅನ್ನಿಸಿದಾಗ ಸಂಕಪ್ಪನಿಗೆ ಭಯದ ಜೊತೆಗೇ ಒಂದು ಬಗೆಯ ಹಗುರವೂ ಆಯಿತು; ಸಾಲಿನಲ್ಲಿ ಬಹಳ ಹೊತ್ತು ನಿಂತವನ ಹೆಸರನ್ನು ಕೊನೆಗೂ ಕರೆದ ಹಾಗೆ.

ಅಡಿಗೆಮನೆಯಿಂದ ಹೆಂಡತಿ ಶಿವಬಸವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಇವತ್ತs ಬೇಕಾಗಿತ್ತೇನ್ರಿ ಇದು? ಸಂಜಿಕ ಗಂಡಿನ ಮನಿಯವರು ಬರ್ತಾರ. ಅವನ್ನ ಒಂದು ದಿನದ ಮಟ್ಟಿಗೆ ಆಳಂದಿ ದೇವರಿಗೆ ಕಳಸ್ರಿ ಅಂತ ಹೇಳಿದ್ನಲ್ಲ, ಹೇಳಿದ್ರೇನು ಅವಗ?"

"ಹೇಳತೀನಿ," ಎಂದ ಸಂಕಪ್ಪ.

"ಹೇಳತೀನಿ ಅನ್ನೋದರಾಗs ಎಂಟು ದಿನ ಕಳದ್ರಿ. ನಾ ಏನು ಅವನ್ನ ಬ್ಯಾಡ ಅನ್ನಂಗಿಲ್ಲ. ಉಣ್ಣಾಕ ಹಾಕೂದಿಲ್ಲೇನು ನಾ? ಆದ್ರ ದೀಪಾಲಿಗೆ ಇದು ಮೂರನೇ ಗಂಡು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. ಮಗಳನ್ನು ನೋಡಲು ಬಂದ ಹಿಂದಿನ ಇಬ್ಬರೂ ಅವಲಕ್ಕಿ ತಿಂದು, ಚಹಾ ಕುಡಿದು ಹೋಗಿ, ಆಮೇಲೆ ಯಾರಿಂದಲೋ ಏನೋ ಕೇಳಿಕೊಂಡು ಸುಮ್ಮನಾಗಿದ್ದರು.

ಮಾಳಿಗೆಯ ಮೇಲೆ ಮೂರು ಕಡೆ ಇಟ್ಟಂಗಿಯ ಗೋಡೆ ಎದ್ದು, ತಗಡು ಹೊದಿಸಿ, ಪಶ್ಚಿಮಕ್ಕೆ ಬಯಲಾಗಿಯೇ ಬಿಟ್ಟ ಒಂದು ಜಾಗ ಎಷ್ಟೋ ವರ್ಷದಿಂದ ಇತ್ತು. ಬಿಡುಗಡೆಯ ಕಾಗದ ಬಂದದ್ದು ಈ ವರ್ಷದ, ಎಂದರೆ ಎರಡು ಸಾವಿರದ ಒಂದರ, ಸಂಕ್ರಾಂತಿಯ ಹೊತ್ತಿಗೆ. ಹತ್ತು ವರ್ಷದ ಶಿಕ್ಷೆ ಮಾಫಿ ಕಳೆದು ಎಂಟಕ್ಕೆ ಮುಗಿಯಲಿತ್ತು. ಅವತ್ತೇ ಸಂಕಪ್ಪ ಸ್ಟೋರಿನ ಹಿಂದೆ ಬಿದ್ದಿದ್ದ ಖೋಕಾಗಳ ಹಲಗೆಗಳನ್ನು ಕೇಳಿಕೊಂಡು ಟೆಂಪೋದಲ್ಲಿ ತಂದ. ಎಂಟು ಇಂಚು ಅಗಲದ ದೇವದಾರು ಹಲಗೆಗಳು. ಮೇಲೆ ಓದಲು ಬಾರದ ಅಕ್ಷರ, ಒಂದು ಛತ್ರಿಯ ಗುರುತು, ಒಂದು ಗಾಜಿನ ಲೋಟದ ಗುರುತು. ಬಡಿಗರನ್ನು ಕರೆಯಲಿಲ್ಲ. ನಾಲ್ಕು ರವಿವಾರ ತಾನೇ ಏಣಿ ಹತ್ತಿ ಹಲಗೆಗಳನ್ನು ನೆಟ್ಟಗೆ ಒಂದರ ಪಕ್ಕ ಒಂದು ನಿಲ್ಲಿಸಿ, ಎರಡರ ನಡುವಿನ ಸಂದಿಯ ಮೇಲೆ ಎರಡು ಇಂಚಿನ ಪಟ್ಟಿ ಬಡಿದು ಗೋಡೆ ಎಬ್ಬಿಸಿದ. ಕೈಗೆ ಬೊಬ್ಬೆ ಬಂದಷ್ಟೂ ಒಳ್ಳೆಯದೆನಿಸುತ್ತಿತ್ತು. ಬಿಗಿಯಾಗಿರಲೆಂದು ಹಲಗೆಗೆ ಎರಡೂ ಅಂಚಿಗೆ ಮೊಳೆ, ಪಟ್ಟಿಗೂ ಎರಡೂ ಅಂಚಿಗೆ ಮೊಳೆ. ಏಪ್ರಿಲಿನ ಬಿಸಿಲು ಬಿದ್ದದ್ದೇ ಹಲಗೆಗಳು ಒಂದೊಂದಾಗಿ ಟಪ್ ಎಂದು ಸೀಳಿದವು. ಕಾಡಪ್ಪ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಇಳಿಹೊತ್ತಿನಲ್ಲಿ ಸಂಕಪ್ಪ ಚಹಾ ತೆಗೆದುಕೊಂಡು ಮೇಲೆ ಹೋಗಿದ್ದ. ಸೀಳುಗಳಿಂದ ಒಳಬಂದ ಬಿಸಿಲು ಮಲಗಿದವನ ಮೈಮೇಲೆ ಸರಳುಗಳಂತೆ ಉದ್ದುದ್ದ ಗೆರೆಯಾಗಿ ಬಿದ್ದಿತ್ತು. ಚಹಾವನ್ನು ಹೊಸ್ತಿಲಲ್ಲೇ ಇಟ್ಟು, ಕರೆಯದೆ, ಕಾಲು ಸಪ್ಪಳವಾಗದ ಹಾಗೆ ಕೆಳಗಿಳಿದುಬಂದಿದ್ದ.

ಈಗ ಮೇಲೆ ಹೋದಾಗ ಅರ್ಧ ಗೋಡೆ ಬಿಚ್ಚಿತ್ತು. ಕಾಡಪ್ಪ ಪಟ್ಟಿಗಳನ್ನು ಒಂದು ಕಡೆ, ಹಲಗೆಗಳನ್ನು ಒಂದು ಕಡೆ ಒಟ್ಟಿದ್ದ. ಕಿತ್ತ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿ ತೆಂಗಿನ ಚಿಪ್ಪಿನಲ್ಲಿ ಹಾಕಿದ್ದ. ಬನಿಯನ್ನಿನ ಬೆನ್ನು ಆಗಲೇ ಒದ್ದೆಯಾಗಿತ್ತು. ಅಣ್ಣನನ್ನು ನೋಡಿ, "ಹಲಗಿ ಛಲೋ ಅದಾವ," ಎಂದ. "ಆದ್ರ ನೀ ಎರಡೂ ಕಡೆ ಬಿಗದಿ."

"ಗಾಳಿಗೆ ಅಲುಗಾಡಬಾರದಂತ..."

"ಕಟ್ಟಿಗಿ ಸತ್ತಿರಂಗಿಲ್ಲ ಅಣ್ಣಾ. ಬಿಸಲಿಗೆ ಒಣಗಿ ಸಣ್ಣ ಆಗತದ, ಮಳಿಗೆ ಉಬ್ಬತದ. ಹಲಗಿಗೆ ನಡುವ ಒಂದs ಸಾಲು ಮೊಳಿ ಹೊಡೀಬೇಕು. ಪಟ್ಟಿ ಮೊಳಿ ಹಲಗಿಗೆ ತಾಕಬಾರದು, ಸಂದ್ಯಾಗ ಹಾದು ಹಿಂದಿನ ಅಡ್ಡಪಟ್ಟಿಗೆ ಹೋಗಬೇಕು. ಆಗ ಎರಡೂ ಹಲಗಿ ಪಟ್ಟಿ ಬುಡಕ ತಮ್ಮ ಪಾಡಿಗೆ ತಾವು ಸರದಾಡತಾವ." ಇಪ್ಪತ್ತು ದಿನದಲ್ಲಿ ಅವನು ಇಷ್ಟು ಮಾತಾಡಿದ್ದು ಇದೇ ಮೊದಲು. ಅದು ಅವನಿಗೂ ಗೊತ್ತಾಗಿ ಸ್ವಲ್ಪ ನಾಚಿಕೊಂಡವನಂತೆ ಕೆಳಗೆ ನೋಡಿದ. "ಸಂಜಿಕ ಮಂದಿ ಬರ್ತಾರಂತಲ್ಲ. ದೀಪಿ ಹೇಳಿದ್ಲು. ಗ್ವಾಡಿ ಹಿಂಗ ಇದ್ರ ಛಂದ ಕಾಣಂಗಿಲ್ಲ. ಆ ಹೊತ್ತಿಗೆ ಮುಗಸ್ತೀನಿ."

ಆಳಂದಿಯ ಮಾತು ಸಂಕಪ್ಪನ ನಾಲಿಗೆಯ ಮೇಲೇ ಕರಗಿಹೋಯಿತು. ಅವನು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡ.

ಹಲಗೆಯನ್ನು ನಿಲ್ಲಿಸಿ ಹಿಡಿಯುವುದಷ್ಟೇ ಅವನ ಕೆಲಸ. ಕಾಡಪ್ಪ ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ಬಲಕ್ಕ... ಇನ್ನಾ ಒಂದು ಕೂದಲು," ಎನ್ನುತ್ತಿದ್ದ. ಸಂಕಪ್ಪ ಹಲಗೆಗೆ ಎದೆಯೊಡ್ಡಿ ನಿಲ್ಲುತ್ತಿದ್ದ. ಸುತ್ತಿಗೆಯ ಪ್ರತಿ ಏಟೂ ಹಲಗೆಯಲ್ಲಿ ಹಾದು ಅವನ ಪಕ್ಕೆಲುಬಿಗೆ ಬರುತ್ತಿತ್ತು. ಕೆಳಗಿನ ಓಣಿಯಲ್ಲಿ ಯಾರೋ ಕೊಡಗಳನ್ನು ಸಾಲಿಗಿಡುತ್ತಿದ್ದರು. ಎಂಟು ವರ್ಷದ ಹಿಂದೆ, ಆಗಲೂ ಈಗಿನಂತೆ ಮೇ ತಿಂಗಳೇ. ನಳ ಬರುವುದು ಬೆಳಿಗ್ಗೆ ಐದಕ್ಕೆ, ಅರ್ಧ ಗಂಟೆ. ಕಾರ್ಖಾನೆಯ ಪಾಳಿಗೆ ತಡವಾಗುತ್ತದೆಂದು ಸಂಕಪ್ಪ ತನ್ನ ಕೊಡವನ್ನು ಎರಡು ಕೊಡದಷ್ಟು ಮುಂದೆ ಸರಿಸಿದ್ದ, ಅಷ್ಟೆ. ಸಾಲಿನಲ್ಲಿದ್ದ ಒಬ್ಬ ಮನುಷ್ಯ ಮೊದಲು ಕೊಡವನ್ನು ಒದ್ದ, ಆಮೇಲೆ ಸಂಕಪ್ಪನ ಕೆನ್ನೆಗೆ ಹೊಡೆದ. ಜೋರಾಗೇನೂ ಅಲ್ಲ. ಹುಡುಗರಿಗೆ ಹೊಡೆಯುವ ಹಾಗೆ, ಕೈಯ ತುದಿಯಿಂದ. ಹೆಂಗಸರು ನಕ್ಕರು. ನೋವಿಗಿಂತ ಆ ನಗು, ನಗುವಿಗಿಂತ ಉರುಳಿದ ಕೊಡವನ್ನು ಬಗ್ಗಿ ಎತ್ತಿಕೊಳ್ಳಬೇಕಾಗಿ ಬಂದದ್ದು. ಮನೆಗೆ ಬಂದವನು ಪಾಳಿಗೂ ಹೋಗದೆ ಗೋಡೆಗೆ ಮುಖ ಮಾಡಿ ಮಲಗಿದ. ಬೈಲಹೊಂಗಲದಿಂದ ಕೆಲಸ ಹುಡುಕಿಕೊಂಡು ಬಂದು ಆರು ತಿಂಗಳಾಗಿದ್ದ ಕಾಡಪ್ಪನಿಗೆ ಆಗ ಇಪ್ಪತ್ತೆರಡು. ಏನಾತಣ್ಣಾ ಎಂದು ಕೇಳಿದ, ಎರಡು ಸಲ ಕೇಳಿದ. ಸಂಕಪ್ಪ ಹೇಳಿದ. ಹೇಳಿ ಸುಮ್ಮನಾಗಿದ್ದರೆ! "ನನ್ನ ಬೆನ್ನಿಗೆ ಗಂಡಸು ಅಂತ ಯಾರರs ಇದ್ದಿದ್ರ ಅಂವಾ ಕೈ ಎತ್ತತಿದ್ನೇನು," ಎಂದೂ ಅಂದ. ಅಂದದ್ದಷ್ಟೇ ಅಲ್ಲ, ಅನ್ನುವಾಗ ಓರೆಗಣ್ಣಿನಿಂದ ತಮ್ಮನ ಮುಖವನ್ನು ನೋಡಿದ್ದ. ಅದು ಯಾರಿಗೂ ಗೊತ್ತಿಲ್ಲ. ವಕೀಲರಿಗೆ ಗೊತ್ತಿಲ್ಲ, ಶಿವಬಸವ್ವನಿಗೆ ಗೊತ್ತಿಲ್ಲ. ಕಾಡಪ್ಪ ಬಾಗಿಲು ದಾಟಿ ಹೋದದ್ದನ್ನು ಮಲಗಿದಲ್ಲಿಂದಲೇ ಕೇಳಿಸಿಕೊಂಡು, ತಡೆಯದೆ, ಚಾದರ ಎಳೆದುಕೊಂಡಿದ್ದ. ಒಂದೇ ಏಟಂತೆ. ಆ ಮನುಷ್ಯ ನಳದ ಕಟ್ಟೆಯ ಕಲ್ಲಿಗೆ ತಲೆ ಬಡಿದು ಬಿದ್ದು, ಮೂರನೆಯ ದಿನ ಸತ್ತ.

"ಹಿಡದಿ ಏನಣ್ಣಾ? ಸರೀತು ನೋಡು."

"ಹಿಡದೀನಿ," ಎಂದ ಸಂಕಪ್ಪ.

ವಕೀಲರು ಹೇಳಿದ್ದರು: ನೀವು ಚುಚ್ಚಿಕೊಟ್ಟಿರೆಂದು ಆದರೆ ನಿಮ್ಮನ್ನೂ ಆರೋಪಿ ಮಾಡುತ್ತಾರೆ, ಹೆಂಡತಿ ಮಗಳನ್ನು ಯಾರು ನೋಡುವವರು? ಕಟಕಟೆಯಲ್ಲಿ ನಿಂತು ಸಂಕಪ್ಪ ಮರಾಠಿಯಲ್ಲಿ ಹೇಳಿದ: ಅವನು ನನ್ನ ತಮ್ಮ ಹೌದು, ಆದರೆ ನಮ್ಮಲ್ಲಿ ಅಷ್ಟು ಮಾತುಕತೆ ಇಲ್ಲ, ಅವತ್ತು ನಾನು ಮಲಗಿದ್ದೆ, ನಾನು ಅವನಿಗೆ ಏನೂ ಹೇಳಿಲ್ಲ. ಹೇಳುವಾಗ ಕಟಕಟೆಯ ಕಟ್ಟಿಗೆಯನ್ನು ಹಿಡಿದಿದ್ದ. ಸಾವಿರ ಕೈ ಹಿಡಿದು ಅದು ಎಮ್ಮೆಯ ಕೊಂಬಿನಂತೆ ನುಣುಪಾಗಿತ್ತು. ಕಾಡಪ್ಪ ತಲೆ ಎತ್ತಿ ನೋಡಲಿಲ್ಲ, ಇಲ್ಲವೆನ್ನಲಿಲ್ಲ. ಮೊದಲ ವರ್ಷ ಸಂಕಪ್ಪ ತಿಂಗಳಿಗೊಮ್ಮೆ ಜೈಲಿಗೆ ಭೇಟಿಗೆ ಹೋದ. ಆಮೇಲೆ ದಸರೆಗೆ, ದೀಪಾವಳಿಗೆ. ಕೊನೆಯ ನಾಲ್ಕು ವರ್ಷ ಹೋಗಲೇ ಇಲ್ಲ. ಮನೆಯಿಂದ ಜೈಲಿಗೆ ನಡೆದರೆ ಅರ್ಧ ಗಂಟೆ. ಕಾರ್ಖಾನೆಗೆ ಹೋಗುವ ಬಸ್ಸು ಆ ಎತ್ತರದ ಕಲ್ಲುಗೋಡೆಯ ಪಕ್ಕದಲ್ಲೇ ಹಾಯುತ್ತಿತ್ತು. ಅವನು ಬಸ್ಸಿನಲ್ಲಿ ಇನ್ನೊಂದು ಬದಿಗೆ ಕೂಡುವುದನ್ನು ರೂಢಿಮಾಡಿಕೊಂಡ. ರೇಷನ್ ಅಂಗಡಿಯ ಸಾಲಿನಲ್ಲಿ ಒಮ್ಮೆ ಸತ್ತವನ ಹೆಂಡತಿ ಅವನ ಮುಂದೆಯೇ ನಿಂತಿದ್ದಳು. ಅವಳು ತಿರುಗಿ ನೋಡಿ, ಗುರುತು ಹಿಡಿದು, ಮತ್ತೆ ಮುಂದೆ ನೋಡತೊಡಗಿದಳು. ಅವತ್ತೂ ಅವನು ಸಕ್ಕರೆ ತೆಗೆದುಕೊಂಡೇ ಮನೆಗೆ ಬಂದ.

ಮಧ್ಯಾಹ್ನ ದೀಪಾಲಿ ಮೇಲೆಯೇ ರೊಟ್ಟಿ ತಂದುಕೊಟ್ಟಳು. ಕಾಡಪ್ಪ ಜೈಲಿಗೆ ಹೋದಾಗ ಹದಿಮೂರು ವರ್ಷದವಳಿದ್ದಳು. ಬಂದ ದಿನದಿಂದ ಈ ಮನೆಯಲ್ಲಿ ಅವನ ಜೊತೆ ಹೆದರದೆ ಮಾತಾಡಿದವಳು ಅವಳೊಬ್ಬಳೇ. "ಕಾಕಾ, ಈ ಛತ್ರಿ ಗುರುತು ಹೊರಗs ಇರಲಿ, ಛಂದ ಕಾಣತದ," ಎಂದಳು. "ಆತು ತಗೊ, ಒಂದು ನಿನ್ನ ಸಲುವಾಗಿ," ಎಂದು ಅವನು ಒಂದು ಹಲಗೆಯನ್ನು ತಿರುವಿ ಹಾಕಿದ. ಉಣ್ಣುತ್ತ ಸಂಕಪ್ಪ ಕೇಳಿದ, "ಒಳಗ ಏನೇನು ಮಾಡ್ತಿದ್ರಿ?" ಎಂಟು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ.

"ಸಾಲಿ ಹುಡುಗರ ಬೆಂಚು. ಕಪಾಟು. ಕೋರ್ಟಿಗೆ ಕುರ್ಚಿ." ಕಾಡಪ್ಪ ರೊಟ್ಟಿ ಮುರಿದ. "ಒಮ್ಮೆ ಯಾವದೋ ತಾಲೂಕಿನ ಕೋರ್ಟಿಗೆ ಕಟಕಟಿನೂ ಮಾಡಿದ್ವಿ. ಭಾಳ ಹೊತ್ತು ಪಾಲಿಶ್ ಕಾಗದ ತಿಕ್ಕಬೇಕು ಅದಕ್ಕ. ಹಿಡದವರ ಕೈಗೆ ಸಿಬರು ಹತ್ತಬಾರದಲ್ಲ."

ಸಂಕಪ್ಪ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದ. ತಮ್ಮನ ಮುಖ ನೋಡಿದ. ಅಲ್ಲಿ ಮೊನೆ ಎಲ್ಲಿಯೂ ಇರಲಿಲ್ಲ. ಕೆಲಸದ ಮಾತನ್ನು ಕೆಲಸದ ಮಾತಾಗಿಯೇ ಆಡಿದ್ದ. ಈಗ ಹೇಳಿಬಿಡಬೇಕು, ಅಂದುಕೊಂಡ. "ಕಾಡ್ಯಾ, ಅವತ್ತು..." ಎಂದು ಶುರುವನ್ನೂ ಮಾಡಿದ. ಕಾಡಪ್ಪ ಕೈ ತೊಳೆದುಕೊಳ್ಳುತ್ತಿದ್ದವನು ತಂಬಿಗೆ ಹಿಡಿದು ನಿಂತು ಕಾದ. ಸಂಕಪ್ಪ ಅಂದದ್ದು, "ಅವತ್ತು ತಂದ ಮೊಳಿ ಇನ್ನಾ ಅದಾವ. ಕೆಳಗ, ಡಬ್ಯಾಗ." ಕಾಡಪ್ಪ ತಲೆಯಾಡಿಸಿ ತಂಬಿಗೆ ಬೋರಲು ಹಾಕಿದ.

ಗಂಡಿನ ಮನೆಯವರು ಆರಕ್ಕೆ ಬರಬೇಕಾದವರು ನಾಲ್ಕೂವರೆಗೇ ಬಂದರು. ವರನ ತಂದೆ ಶಿವಪುತ್ರಪ್ಪ ಗೋಕಾಕದ ಕಡೆಯವರು, ಲಕ್ಷ್ಮೀ ರಸ್ತೆಯಲ್ಲಿ ಸೀರೆಯ ಅಂಗಡಿ, ವಾಕಡದಲ್ಲಿ ಹೊಸದಾಗಿ ಮನೆ ಕಟ್ಟಿಸುತ್ತಿದ್ದರು. ಮನೆ ಕಟ್ಟಿಸುವವರಿಗೆ ಕಂಡವರ ಮನೆಯ ಬಾಗಿಲು ಕಿಟಕಿಯೆಲ್ಲ ಮುಟ್ಟಿ ನೋಡುವ ಹಂಬಲ. ಕೂತು ಎರಡು ಮಾತಾಡಿದರೋ ಇಲ್ಲವೋ ಮೇಲಿನ ಸುತ್ತಿಗೆಯ ಸದ್ದಿಗೆ ಕಿವಿಗೊಟ್ಟರು. "ಏನು ಕೆಲಸಾ ನಡದದ ರೀ ಮ್ಯಾಲೆ? ಯಾರದಾರ?"

ಪ್ರಶ್ನೆ ಎಷ್ಟು ಸಾಧಾರಣವಾಗಿತ್ತೆಂದರೆ ಉತ್ತರವೂ ಹಾಗೆಯೇ ಬಂತು. ಸಂಕಪ್ಪನಿಗೆ ಯೋಚಿಸಿದ ನೆನಪೇ ಇಲ್ಲ. "ಬಡಿಗ್ಯಾ ರೀ. ಕೆಲಸಕ್ಕ ಬಂದಾನ," ಎಂದ. ಅಡಿಗೆಮನೆಯ ಬಾಗಿಲಲ್ಲಿ ಶಿವಬಸವ್ವ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಮೇಲೆ ಸುತ್ತಿಗೆಯ ಸದ್ದು ನಿಂತಿತು. ಮಾಳಿಗೆಯ ಮೆಟ್ಟಿಲು ನಡುಮನೆಯಿಂದಲೇ ಹತ್ತುತ್ತಿತ್ತು. ಕೆಳಗಾಡಿದ ಮಾತು ಮೇಲೆ ಕೇಳುತ್ತದೆಂಬುದು ಅವನಿಗೆ ಗೊತ್ತಿತ್ತು. ಐದಾರು ಉಸಿರಿನಷ್ಟು ಹೊತ್ತು. ಆಮೇಲೆ ಸದ್ದು ಮತ್ತೆ ಶುರುವಾಯಿತು, ಮೊದಲಿನಷ್ಟೇ ಸಮನಾಗಿ.

"ನೋಡೂಣು ನಡೀರಿ," ಎಂದು ಶಿವಪುತ್ರಪ್ಪ ಎದ್ದೇಬಿಟ್ಟರು.

ಗೋಡೆ ಮುಗಿಯಲು ಎರಡು ಪಟ್ಟಿ ಬಾಕಿ. ಇಳಿಬಿಸಿಲಿಗೆ ರಂದಾ ಹೊಡೆದು ನುಣುಪು ಮಾಡಿದ ಹಲಗೆಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು. ಪಟ್ಟಿಗಳ ನೆರಳು ನೆಟ್ಟಗೆ, ಒಂದೇ ಅಳತೆಯಲ್ಲಿ ಬಿದ್ದು ಇಡೀ ಗೋಡೆ ನಿರಿಗೆ ತಿದ್ದಿದ ಧೋತರದ ಹಾಗೆ ಕಾಣುತ್ತಿತ್ತು. ಶಿವಪುತ್ರಪ್ಪ ಕೈಯಾಡಿಸಿ ನೋಡಿದರು. "ಏನ್ ಕೈ ಅದನೋ ನಿಂದು! ಎಲ್ಲಿ ಕಲತಿ?"

ಸಂಕಪ್ಪ ತಗಡಿನ ಅಂಚನ್ನು ಹಿಡಿದುಕೊಂಡ.

"ಇಲ್ಲೇ ಯೆರವಡ್ಯಾಗ ರೀ," ಎಂದ ಕಾಡಪ್ಪ. "ಒಂದು ಕಾರ್ಖಾನ್ಯಾಗ. ಎಂಟು ವರ್ಷ ಇದ್ದೆ."

"ಯಾವ ಊರು?"

"ನಿಪ್ಪಾಣಿ ಕಡೆ ರೀ." ಬೈಲಹೊಂಗಲವನ್ನು, ತಾಯಿಯ ಸಮಾಧಿಯಿರುವ ಹೊಲವನ್ನು ಅವನು ಹೀಗೆ ಒಂದು ಮಾತಿನಲ್ಲಿ ಬಿಟ್ಟುಕೊಟ್ಟ.

"ನಮ್ಮ ವಾಕಡದ ಮನಿಗೂ ಮಾಳಗಿ ಮ್ಯಾಲೆ ಹಿಂಗs ಮಾಡಿಕೊಡ್ತೀಯೇನು? ನಾಳಿಂದs ಬಾ."

ಅವರು ಮೇಲೆ ಬಂದಾಗಿನಿಂದ ಕಾಡಪ್ಪ ಮೊದಲ ಸಲ ಅಣ್ಣನ ಕಡೆ ನೋಡಿದ. ಬೇಡಿದ ನೋಟವಲ್ಲ, ಬೈದ ನೋಟವೂ ಅಲ್ಲ. ಹಲಗೆ ಎಷ್ಟು ಭಾರ ತಡೆದೀತೆಂದು ಅಳೆಯುವ ನೋಟ. "ಇಲ್ಲ ರೀ ಯಜಮಾನ್ರ. ನಂಗ ದೌಂಡದಾಗ ಕೆಲಸಾ ಸಿಕ್ಕದ. ನಾಳೆ ಮುಂಜಾನೆ ಹೊಂಟೀನಿ."

ದೀಪಾಲಿ ಜರಿ ಸೀರೆಯುಟ್ಟು ಚಹಾದ ತಬಕು ಹಿಡಿದು ಮೇಲೆ ಬಂದಳು. "ಬಡಿಗ್ಯಾಗೂ ಒಂದು ಕಪ್ ಕೊಡವ್ವಾ, ಭಾಳ ದುಡದಾನ," ಎಂದರು ಶಿವಪುತ್ರಪ್ಪ. ಅವಳು ತಂದೆಯನ್ನು ನೋಡಿದಳು. ಆ ಒಂದು ಕ್ಷಣ ಅವಳು ಹೇಳಿಬಿಟ್ಟಾಳೆಂದು ಸಂಕಪ್ಪ ಹೆದರಿದ, ಹೇಳಿಬಿಡಲೆಂದು ಆಸೆಪಟ್ಟ. ಅವಳು ಕಾಡಪ್ಪನ ಮುಂದೆ ತಬಕು ಚಾಚಿ, "ತಗೋರಿ," ಎಂದಳು. ಕಾಕಾ ಎನ್ನಲಿಲ್ಲ. ಇಷ್ಟು ಬೇಗ ಕಲಿತಳೇ ಇವಳು, ಅನ್ನಿಸಿತು ಸಂಕಪ್ಪನಿಗೆ. ಕಾಡಪ್ಪ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು, ಕಪ್ಪು ಎತ್ತಿಕೊಂಡು, ದೊಡ್ಡವರ ಮುಂದೆ ಕುಡಿಯಬಾರದೆಂಬಂತೆ ಮೂಲೆಗೆ ಹೋಗಿ ಗೋಡೆಯ ಕಡೆ ತಿರುಗಿ ಕುಡಿದ.

ಅವರು ಒಪ್ಪಿಕೊಂಡೇ ಹೋದರು. ಹುಡುಗ ಸ್ವಪ್ನಿಲ್ ಮುಂದಿನ ರವಿವಾರ ಬಂದು ನೋಡುವುದು, ನೋಡುವುದೇನು, ಆದ ಹಾಗೆಯೇ. ಶಿವಬಸವ್ವ ದೇವರ ಮುಂದೆ ಸಕ್ಕರೆ ಇಟ್ಟು, ಒಂದು ಬಟ್ಟಲನ್ನು ಮೇಲೆ ಕಳಿಸಿದಳು. ಬಟ್ಟಲನ್ನು ಒಯ್ದವನು ಸಂಕಪ್ಪ. ಕಾಡಪ್ಪ ಕೊನೆಯ ಪಟ್ಟಿ ಬಡಿದು ಮುಗಿಸಿ, ಕಟ್ಟಿಗೆಯ ಹೊಟ್ಟನ್ನು ಗುಡಿಸುತ್ತಿದ್ದ. ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, "ಛಲೋ ಆತು," ಎಂದ. "ಮಂದಿ ಒಳ್ಳ್ಯಾವರು ಕಾಣತಾರ."

"ದೌಂಡದಾಗ ಖರೇನ ಕೆಲಸ ಅದ ಏನು?"

"ಹುಡಕಿದ್ರ ಸಿಗತದ."

ಸಂಕಪ್ಪ ಹೊಸ ಗೋಡೆಗೆ ಆತು ನಿಂತ. ಮಾಫಿ ಕೇಳಲು ಹೊರಟ ಮಾತು ಬೇರೆಯೇ ಆಗಿ ಬಂತು. "ಮದಿವಿಗೆ ಬರ್ತಿಯಲ್ಲ ಮತ್ತ? ನೀ ಇಲ್ಲದs ಹ್ಯಾಂಗ..."

ಕಾಡಪ್ಪ ಗುಡಿಸುವುದನ್ನು ನಿಲ್ಲಿಸಲಿಲ್ಲ. "ಬಡಿಗ್ಯಾನ್ನ ಮದಿವಿಗೆ ಯಾರು ಕರೀತಾರಣ್ಣಾ," ಎಂದ ಮೆಲ್ಲಗೆ. ಹೊಟ್ಟನ್ನೆಲ್ಲ ಒಂದು ಗೋಣಿಗೆ ತುಂಬಿ ಬಾಯಿ ಕಟ್ಟಿದ ಮೇಲೆ, ಅಣ್ಣನ ಮುಖ ನೋಡಿ ಮರುಕ ಬಂದವನಂತೆ ಇನ್ನೂ ಒಂದು ಮಾತು ಸೇರಿಸಿದ: "ಕರದ್ರ ಬರ್ತೀನಿ. ಕಡೀ ಪಂಕ್ತಿಗೆ ಕೂಡ್ತೀನಿ ಬಿಡು."

ಮರುದಿನ ಬೆಳಿಗ್ಗೆ ಸಂಕಪ್ಪ ಪಾಳಿ ತಪ್ಪಿಸಿ ಸ್ಟೇಷನ್ನಿಗೆ ಬಂದ. ಬೇಡವೆಂದರೂ ಕೇಳಲಿಲ್ಲ. ಶಿವಬಸವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಕೊಡುವಾಗ ಅವಳ ಕಣ್ಣಲ್ಲಿ ನೀರಿತ್ತು, "ತಪ್ಪು ತಿಳಕೋಬ್ಯಾಡೋ ತಮ್ಮಾ," ಎಂದಿದ್ದಳು. "ಇಲ್ಲ ವೈನಿ," ಎಂದಿದ್ದ ಅವನು. ದೀಪಾಲಿ ಕೋಣೆಯಿಂದ ಹೊರಗೆ ಬರಲಿಲ್ಲ. ದೌಂಡದ ಪ್ಯಾಸೆಂಜರ್ ಗಾಡಿ ಕಿಕ್ಕಿರಿದಿತ್ತು. ಕಾಡಪ್ಪ ಒಳಗೆ ನುಗ್ಗಿ, ಆಚೆಯ ಬದಿಯ ಕಿಟಕಿಯ ಹತ್ತಿರ ಹೇಗೋ ಜಾಗ ಹಿಡಿದು ಕೂತ. ಈಚೆಯ ಕಿಟಕಿಯಲ್ಲಿ ಕೂತಿದ್ದ ಒಬ್ಬ ಮುದುಕಿ, ಅವನೇ ಎತ್ತಿ ಇಟ್ಟುಕೊಟ್ಟ ತನ್ನ ಗಂಟನ್ನು ಕಾಲಿನಿಂದ ಒಳಗೆ ತಳ್ಳಿಕೊಳ್ಳುತ್ತ, ಪ್ಲಾಟ್‌ಫಾರ್ಮಿನಲ್ಲಿ ಸರಳು ಹಿಡಿದು ನಿಂತ ಸಂಕಪ್ಪನನ್ನು ಮರಾಠಿಯಲ್ಲಿ ವಿಚಾರಿಸಿದಳು, "ತೋ ತುಮಚಾ ಕೋಣ?" ಅವನು ನಿಮಗೆ ಏನಾಗಬೇಕು?

"ಭಾವೂ," ಎಂದ ಸಂಕಪ್ಪ. ತಮ್ಮ. ಅಷ್ಟರಲ್ಲಿ ಇಂಜಿನ್ ಕೂಗಿತು. ಮುದುಕಿ ಕಿವಿಗೆ ಕೈ ಹಚ್ಚಿ, "ಕಾಯ್?" ಎಂದಳು. ಗಾಡಿ ಹೊರಟಿತು. ಸರಳು ಬಿಡದೆ ಸಂಕಪ್ಪ ಅದರ ಜೊತೆಗೆ ನಡೆದ, ಆಮೇಲೆ ಓಡಿದ. ಐವತ್ತರ ಹತ್ತಿರದ ಮನುಷ್ಯ, ಚಪ್ಪಲಿ ಒಂದು ಹಿಂದೆ ಉಳಿದದ್ದು ಗೊತ್ತಾಗದೆ, ಮುದುಕಿಗೆ ಅರ್ಥವಾಗದ ಕನ್ನಡದಲ್ಲಿ ಗಂಟಲು ಹರಿಯುವಂತೆ ಕೂಗಿದ: "ನನ್ನ ತಮ್ಮ! ನನ್ನ ಒಡಹುಟ್ಟಿದ ತಮ್ಮ ಅಂವಾ! ಕಾಡಪ್ಪ ಅಂತ ಹೆಸರು! ಕಾಡಪ್ಪ!"

ಜನ ತಿರುಗಿ ನೋಡಿದರು. ಆ ಗದ್ದಲದಲ್ಲೂ ಹೆಸರು ಕಾಡಪ್ಪನಿಗೆ ಮುಟ್ಟಿತು. ಅವನು ಈ ಕಡೆ ತಿರುಗಲಿಲ್ಲ, ಕೈ ಬೀಸಲಿಲ್ಲ. ಕೂತಲ್ಲಿಂದ ಥಟ್ಟನೆ ಎದ್ದ. ಎಂಟು ವರ್ಷ ಜೈಲಿನ ಹಾಜರಿಗೆ ದಿನಕ್ಕೆ ಎರಡು ಸಲ ಹೆಸರು ಕೂಗಿದಾಗ ಎದ್ದು ನಿಂತ ಮೈ ಅದು. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಗದ್ದ ಎತ್ತಿ, ಯಾರನ್ನೂ ನೋಡದೆ ನೆಟ್ಟಗೆ ನಿಂತ. ಪಕ್ಕದವರು ಬೈಯುತ್ತ ಅವನ ಜಾಗಕ್ಕೆ ಸರಿದುಕೊಂಡರು. ಡಬ್ಬಿ ಪ್ಲಾಟ್‌ಫಾರ್ಮಿನ ತುದಿ ದಾಟಿ ಕಾಣದಾಗುವ ತನಕವೂ ಅವನು ಹಾಗೆಯೇ ನಿಂತಿದ್ದ.